ಕಲ್ಲಚ್ಚಿನಿಂದ ಶಬ್ದಕೋಶದವರೆಗೆ: ಕನ್ನಡ ಕ್ರೈಸ್ತ ಪ್ರಕಾಶನದ ಹಾದಿ

ಶಿವಮೊಗ್ಗದಿಂದ ತಾಳಗುಪ್ಪದ ಕಡೆಗೆ ಸಾಗುವ ರೈಲುದಾರಿಯ ಮೇಲಿರುವ ನಮ್ಮ ಕುಂಸಿಗೆ ಮುದ್ರಣಾಲಯದ ಕೀರ್ತಿಯಿಲ್ಲ. ಮ್ಯಾಂಗನೀಸ್ ಅದಿರಿನ ಗಣಿಗಳಿಂದಲೇ ಅದರ ಹೆಸರು ಹೊರಗಿನವರ ಕಿವಿಗೆ ಬಿದ್ದದ್ದು. ಆದರೆ 1936ರಲ್ಲಿ ಭದ್ರಾವತಿಯಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪಿತವಾದಂದಿನಿಂದ ಈ ಸೀಮೆಗೂ ಗ್ರಂಥಕ್ಕೂ ನಂಟು ಬೆಳೆದಿರುವುದರಿಂದ, ಕಾಗದದ ಮೇಲೆ ಕನ್ನಡದ ಅಕ್ಷರವನ್ನು ಮೊದಮೊದಲು ಮೂಡಿಸಿದವರ ಶ್ರಮವನ್ನು ಇಲ್ಲಿ ಕುಳಿತು ನೆನೆಯುವುದು ಅನುಚಿತವಾಗಲಾರದು. ಆ ಶ್ರಮದ ಬಹುಭಾಗವು ಅಲ್ಪ ಬಂಡವಾಳದ, ಕೆಲವೇ ಜನರ ದುಡಿಮೆಯಿಂದ ನಡೆದ ಕ್ರೈಸ್ತ ಪ್ರಕಾಶನ ಸಂಸ್ಥೆಗಳಿಗೆ ಸಲ್ಲತಕ್ಕುದು.

ಈ ಚರಿತ್ರೆಯ ಪೀಠಿಕೆಯು ಕರಾವಳಿಯಲ್ಲಿಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲ್ಲನ್ನು ಕನ್ನಡಕ್ಕೆ ತರುವ ಕಾರ್ಯದಲ್ಲಿ ತೊಡಗಿದನು; ದೂರದ ಬಂಗಾಳದ ಶ್ರೀರಾಮಪುರದಿಂದ ವಿಲಿಯಂ ಕೇರಿಯು 1817ರಲ್ಲಿ ಕನ್ನಡದ ವ್ಯಾಕರಣವನ್ನು ಪ್ರಕಟಿಸಿದನು; ಲಂಡನ್ ಮಿಷನ್ನಿನವನೇ ಆದ ರೀವನ ನಿಘಂಟುಗಳು 1824 ಮತ್ತು 1832ರಲ್ಲಿ ಹೊರಬಂದವು. ಇವು ಬಿತ್ತನೆಯ ದಿನಗಳು; ಬೆಳೆಯು ಹುಲುಸಾಗಿ ಬಂದದ್ದು ಮಂಗಳೂರಿನಲ್ಲಿ.

ಬಾಸೆಲ್ ಮಿಷನ್ನಿನ ಮೊದಲ ಪಾದ್ರಿಗಳು 1834ರಲ್ಲಿ ಮಂಗಳೂರಿನಲ್ಲಿ ಇಳಿದರು. ಏಳು ವರ್ಷಗಳ ತರುವಾಯ, 1841ರಲ್ಲಿ, ಅಲ್ಲಿ ಒಂದು ಕಲ್ಲಚ್ಚಿನ ಮುದ್ರಣಾಲಯವು ಆರಂಭವಾಯಿತು. ಕಲ್ಲಚ್ಚಿನ ಕ್ರಮವನ್ನು ಇಂದಿನ ಓದುಗರಲ್ಲಿ ಅನೇಕರು ಕಂಡಿರಲಾರರು. ಜಿಡ್ಡಿನ ಮಸಿಯಿಂದ ಹಾಳೆಯ ಮೇಲೆ ಬರೆದ ಬರಹವನ್ನು ನುಣುಪಾಗಿ ಉಜ್ಜಿದ ಸುಣ್ಣಕಲ್ಲಿಗೆ ಒತ್ತಿ ಇಳಿಸಿ, ಕಲ್ಲನ್ನು ನೀರಿನಿಂದ ತೋಯಿಸಿ, ಮಸಿಯ ಉರುಳೆಯನ್ನು ಆಡಿಸಿದರೆ, ತೇವಗೊಂಡ ಕಲ್ಲು ಮಸಿಯನ್ನು ದೂರವಿಡುವುದು, ಜಿಡ್ಡಿನ ಅಕ್ಷರವೊಂದೇ ಅದನ್ನು ಹಿಡಿದುಕೊಳ್ಳುವುದು. ಮೊಳೆಗಳನ್ನು ಎರಕಹೊಯ್ಯುವ ಗೊಡವೆಯಿಲ್ಲದೆ, ಲಿಪಿಕಾರನ ಕೈಬರಹವು ಒತ್ತಕ್ಷರಗಳ ಸಮೇತ ಹಾಗೆಯೇ ಹಾಳೆಗೆ ಬರುವುದರಿಂದ, ಕನ್ನಡದಂತಹ ಲಿಪಿಗೆ ಈ ಉಪಾಯವು ಬಹಳ ಒಪ್ಪಿತು.

ಬಾಸೆಲ್ ಮಿಷನ್ನಿನ ಪಾದ್ರಿ ಹರ್ಮನ್ ಮೋಗ್ಲಿಂಗನ ಸಂಪಾದಕತ್ವದಲ್ಲಿ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಪತ್ರಿಕೆಯು ಹೊರಟದ್ದು ಇಂತಹ ಕಲ್ಲಿನಿಂದಲೇ. ಅದು ಬಾಳಿದ ಕಾಲವು ಅಲ್ಪವಾದರೂ ಕನ್ನಡ ನಾಡು ಇಂದಿಗೂ ಆ ದಿನವನ್ನು ಪತ್ರಿಕಾ ದಿನವಾಗಿ ಆಚರಿಸುತ್ತಿದೆ. ಅದಕ್ಕಿಂತಲೂ ಮಹತ್ತರವಾದುದು ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶನ ಧನಸಹಾಯದಿಂದ ಮೋಗ್ಲಿಂಗನು ಕೈಗೊಂಡ ಗ್ರಂಥಮಾಲೆ. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಮುಂತಾದ ಕೃತಿಗಳು ಓಲೆಯ ಕಟ್ಟುಗಳಿಂದ ಎದ್ದು ಅಚ್ಚಿನ ಪುಸ್ತಕಗಳಾದದ್ದು ಹೀಗೆ. ಪರಮತವನ್ನು ಬೋಧಿಸಲು ಬಂದವರು ವೈಷ್ಣವರ ಹಾಗೂ ವೀರಶೈವರ ಕೃತಿಗಳನ್ನು ಅಚ್ಚುಮಾಡಲು ಕಾರಣವೇನೆಂದರೆ, ಜನರ ಹೃದಯವನ್ನು ಅರಿಯಬೇಕಾದರೆ ಅವರ ಕಾವ್ಯವನ್ನು ಅರಿಯಬೇಕೆಂಬುದು ಅವರಿಗೆ ಮನವರಿಕೆಯಾಗಿದ್ದುದೇ.

ಮುಂದೆ ಕಲ್ಲಿನ ಸ್ಥಾನಕ್ಕೆ ಅಚ್ಚುಮೊಳೆಗಳು ಬಂದವು. ಸಾಲಿನ ಕೆಳಗೆ ಇಳಿಯುವ ಒತ್ತು, ಮೇಲೆ ಏರುವ ಗುಣಿಸು, ಪಕ್ಕಕ್ಕೆ ಚಾಚುವ ದೀರ್ಘ, ಇವೆಲ್ಲಕ್ಕೂ ಬೇರೆಬೇರೆ ಮೊಳೆಗಳನ್ನು ಗೂಡುಗಳಿಂದ ಹೆಕ್ಕಿ ಹೊಂದಿಸುತ್ತಿದ್ದ ಜೋಡಣೆಗಾರರ ತಾಳ್ಮೆಯ ಪರಮಾವಧಿಯನ್ನು ನೋಡಬೇಕಾದರೆ ಫರ್ಡಿನೆಂಡ್ ಕಿಟ್ಟೆಲರ ಕನ್ನಡ-ಇಂಗ್ಲಿಷ್ ಕೋಶವನ್ನು ತೆರೆಯಬೇಕು. ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದಸ್ಸನ್ನೂ ಮೊದಲೇ ಸಂಪಾದಿಸಿದ್ದ ಈ ವಿದ್ವಾಂಸರ ಕೋಶವು 1894ರಲ್ಲಿ ಬಾಸೆಲ್ ಮಿಷನ್ನಿನ ಪುಸ್ತಕ ಭಂಡಾರದಿಂದ ಪ್ರಕಟವಾಯಿತು: ಸುಮಾರು 70,000 ಶಬ್ದಗಳು, 1,700ಕ್ಕೂ ಮೀರಿದ ಪುಟಗಳು. ಅದರಲ್ಲಿ ಕಾವ್ಯದ ಪದಕ್ಕೂ ಕೊಟ್ಟಿಗೆಯ ಮಾತಿಗೂ ಗಾದೆಗೂ ಪಂಕ್ತಿಭೇದವಿಲ್ಲ. ತುಳುವಿಗೂ ಈ ಸಂಸ್ಥೆಯು ಸೇವೆ ಸಲ್ಲಿಸಿತು. ಮ್ಯಾನರನ ತುಳು ನಿಘಂಟು 1886ರದು.

ನಮ್ಮ ಶಿವಮೊಗ್ಗವು ಸೇರಿದ್ದ ಮೈಸೂರು ಸಂಸ್ಥಾನದಲ್ಲಿ ಇದೇ ಕಾರ್ಯವನ್ನು ನಡೆಸಿದವರು ವೆಸ್ಲಿಯನ್ ಮಿಷನ್ನಿನವರು. ಬೆಂಗಳೂರಿನ ಅವರ ಮುದ್ರಣಾಲಯದಿಂದ 1849ರಲ್ಲಿ ಗ್ಯಾರೆಟ್ಟನು ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲಿಯೂ ಹೊರತಂದನು. ಮೈಸೂರಿನಲ್ಲಿ ಹೆನ್ರಿ ಹೇಗನು 1887ರಲ್ಲಿ ‘ವೃತ್ತಾಂತ ಪತ್ರಿಕೆ’ಯನ್ನು ಆರಂಭಿಸಿದನು.

1914ರ ಮಹಾಯುದ್ಧವು ಬಾಸೆಲ್ ಮಿಷನ್ನಿಗೆ ದೊಡ್ಡ ಪೆಟ್ಟನ್ನು ಕೊಟ್ಟಿತು. ಜರ್ಮನ್ ಪಾದ್ರಿಗಳು ಬಂಧಿತರಾಗಿ ದೇಶ ಬಿಡಬೇಕಾಯಿತು; ಹಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳು ಕೈತಪ್ಪಿದವು. ಆದರೆ ಬಿತ್ತಿದ್ದು ಬತ್ತಲಿಲ್ಲ. ಅದೇ ಪರಂಪರೆಯಲ್ಲಿ ಬೆಳೆದ ಪಾದ್ರಿ ಉತ್ತಂಗಿ ಚೆನ್ನಪ್ಪನವರು ಹಳ್ಳಿಹಳ್ಳಿ ಅಲೆದು ಕೂಡಿಸಿದ ಸರ್ವಜ್ಞನ ವಚನಗಳನ್ನು 1924ರಲ್ಲಿ ನಾಡಿಗೆ ಒಪ್ಪಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವು ಅವರಿಗೆ ಸಂದಿತು. ವಿದೇಶೀಯರು ಹಿಡಿದ ಕೆಲಸವು ಹೀಗೆ ಸ್ವದೇಶೀಯರ ಕೈಗೆ ಬಂದು ಸಾರ್ಥಕವಾಯಿತು.

ಈ ಸಂಸ್ಥೆಗಳ ಕಿರುಹೊತ್ತಗೆಗಳಲ್ಲಿ ನಮ್ಮ ಆಚಾರ-ನಂಬುಗೆಗಳನ್ನು ಕಟುವಾಗಿ ಖಂಡಿಸಿದ ಬರಹಗಳು ಇಲ್ಲದಿಲ್ಲ. ಅವುಗಳನ್ನು ಕಾಲವು ಮರೆಯಿತು. ಉಳಿದದ್ದು ಭಾಷೆಗಾಗಿ ಪಟ್ಟ ಪಾಡು. ಪ್ರಕಾಶಕನ ಹಿರಿಮೆಯು ಅವನು ಮಾರಿದ ಪ್ರತಿಗಳ ಸಂಖ್ಯೆಯಲ್ಲಿಲ್ಲ, ಭಾಷೆಯ ವಿಷಯದಲ್ಲಿ ಅವನು ತೋರಿದ ಶ್ರದ್ಧೆಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.

ಮಲೆನಾಡಿನ ಮಳೆ ಮತ್ತು ಗೆದ್ದಲು ಪುಸ್ತಕಕ್ಕೆ ಕರುಣೆ ತೋರುವವಲ್ಲ. ಕುಂಸಿಯ ಸುತ್ತಿನ ಮನೆಗಳ ಅಟ್ಟದಲ್ಲಿ, ದೇವಾಲಯಗಳ, ಶಾಲೆಗಳ ಕಪಾಟುಗಳಲ್ಲಿ ಮಂಗಳೂರಿನ ಅಥವಾ ಮೈಸೂರಿನ ಮಿಷನ್ ಅಚ್ಚಿನ ಹಳೆಯ ಪಾಠಪುಸ್ತಕವೋ ಕೀರ್ತನೆಯ ಹೊತ್ತಗೆಯೋ ಕಂಡುಬಂದರೆ, ಅದನ್ನು ರದ್ದಿಗೆ ತೂಗದೆ, ನೆರಳಿನಲ್ಲಿ ಗಾಳಿಗೆ ಒಣಗಿಸಿ, ಬಟ್ಟೆಯಲ್ಲಿ ಸುತ್ತಿ, ಹತ್ತಿರದ ಗ್ರಂಥಾಲಯಕ್ಕೋ ಮಂಗಳೂರಿನ ಬಲ್ಮಠದಲ್ಲಿರುವ ದೈವಶಾಸ್ತ್ರ ಕಾಲೇಜಿನ ಗ್ರಂಥಭಂಡಾರಕ್ಕೋ ಮುಟ್ಟಿಸಬೇಕೆಂದು ಓದುಗರನ್ನು ಪ್ರಾರ್ಥಿಸುತ್ತೇನೆ.