ಜರ್ಮನ್ ಡಬರಿಯ ಹಿಂದಿನ ಕಟ್ಟಿಗೆಯ ಫರ್ಮಾ

ಕೊಪ್ಪಳ ಸೀಮೆಯ ಹಳೆಯ ಮನೆಗಳಲ್ಲಿ ಅಟ್ಟದ ಮೇಲಿನ ಪಾತ್ರೆಗಳನ್ನು ಇಳಿಸಿ ನೋಡಿ. ಕೊಡ, ಡಬರಿ, ತಾಟುಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರುಗಳು ಸಿಗುತ್ತವೆ. ಮದುವೆಗೋ ನಿಕಾಹಿಗೋ ಉಡುಗೊರೆ ಕೊಟ್ಟವರ ಹೆಸರು, ಜೊತೆಗೆ ಇಸವಿ. ಪಾತ್ರೆ ಮಾಡಿದವನ ಹೆಸರು ಮಾತ್ರ ಅಲ್ಲಿ ಇರುವುದಿಲ್ಲ. ನಮ್ಮ ಚರಿತ್ರೆಯ ಪುಸ್ತಕಗಳ ರೀತಿಯೂ ಇದೇ. 1786ರಲ್ಲಿ ಟಿಪ್ಪು ಸುಲ್ತಾನ್ ಕೊಪ್ಪಳದ ಕೋಟೆಯನ್ನು ಪಡೆದು ಬಲಪಡಿಸಿದ್ದು, ಮುಂದೆ ಈ ಸೀಮೆ ನಿಜಾಮರ ರಾಜ್ಯದಲ್ಲಿ ಸಾಲಾರ್ ಜಂಗರ ಜಹಗೀರಾದದ್ದು, 1858ರಲ್ಲಿ ಮುಂಡರಗಿ ಭೀಮರಾಯರು ಇದೇ ಕೋಟೆಯಲ್ಲಿ ಹೋರಾಡಿ ಮಡಿದದ್ದು ಅವುಗಳಲ್ಲಿ ದಾಖಲಾಗಿವೆ. ಅಡುಗೆಮನೆಯ ಚರಿತ್ರೆ ಹೊರಗೇ ಉಳಿದಿದೆ.

ಒಂದು ಕಾಲಕ್ಕೆ ಬಡವರ ಒಲೆಯ ಮೇಲೆ ಮಣ್ಣಿನ ಗಡಿಗೆ, ಉಳ್ಳವರ ಒಲೆಯ ಮೇಲೆ ತಾಮ್ರ, ಹಿತ್ತಾಳೆ. ಕಂಚುಗಾರರು ತಗಡನ್ನು ಕಾಯಿಸಿ, ಬಡಿದು ಪಾತ್ರೆ ಮಾಡುತ್ತಿದ್ದರು. ಬೋಗಾರರು ಮಾರುತ್ತಿದ್ದರು. ತಾಮ್ರ, ಹಿತ್ತಾಳೆಗಳಲ್ಲಿ ಹುಳಿ, ಮಜ್ಜಿಗೆ ಇಟ್ಟರೆ ಕಿಲುಬು ಬಿಟ್ಟು ವಿಷವಾಗುವುದರಿಂದ ಕಲಾಯಿ ಬೇಕೇ ಬೇಕು. ಕಲಾಯಿಗಾರರಲ್ಲಿ ಮುಸ್ಲಿಮರು ಬಹಳಷ್ಟಿದ್ದರು. ಅವರು ಊರ ಮರದ ನೆರಳಲ್ಲಿ ಕುಣಿ ತೋಡಿ, ತಿದಿ ಹೂಡಿ, ಕಾದ ಪಾತ್ರೆಗೆ ನವಸಾಗರದ ಪುಡಿ ಎರಚಿ, ತವರ ಸವರಿ, ಅರಳೆಯಿಂದ ಒರೆಸಿದರೆ ಒಳಗೆಲ್ಲ ಬೆಳ್ಳಿಯ ಹೊಳಪು. ಪಾತ್ರೆ ಯಾವ ಓಣಿಯದು, ಯಾವ ಜಾತಿಯದು ಎಂದು ಬೆಂಕಿ ಕೇಳುತ್ತಿರಲಿಲ್ಲ.

ಈ ವ್ಯವಸ್ಥೆಯನ್ನು ಅಲುಗಾಡಿಸಿದ್ದು ಅಲ್ಯುಮಿನಿಯಂ. 1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಹೆರೂ, ಒಬ್ಬರಿಗೊಬ್ಬರು ತಿಳಿಯದೆ, ವಿದ್ಯುತ್ತಿನಿಂದ ಈ ಲೋಹವನ್ನು ಅಗ್ಗವಾಗಿ ಬೇರ್ಪಡಿಸುವ ದಾರಿ ಕಂಡುಕೊಂಡರು. 1898ರಲ್ಲಿ ಆಲ್ಫ್ರೆಡ್ ಚಾಟರ್ಟನ್ ಮದರಾಸಿನ ಕಲಾಶಾಲೆಯಲ್ಲಿ ಅಲ್ಯುಮಿನಿಯಂ ಪಾತ್ರೆಗಳ ತಯಾರಿಕೆ ಆರಂಭಿಸಿದರು. ಇದೇ ಚಾಟರ್ಟನ್ ಮುಂದೆ ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾದರು.

ಹೊಸ ಲೋಹದ ಜೊತೆಗೆ ಹೊಸ ಕಸುಬೂ ಬೆಳೆಯಿತು. ಲೇಥಿನ ಮೇಲೆ ತಗಡು ತಿರುಗಿಸಿ ಪಾತ್ರೆ ಮಾಡುವ ಈ ಕೆಲಸಕ್ಕೆ ಕಾರ್ಖಾನೆಗಳಲ್ಲಿ ಸ್ಪಿನ್ನಿಂಗ್ ಎನ್ನುತ್ತಾರೆ. ಮೊದಲು ಗಟ್ಟಿ ಕಟ್ಟಿಗೆಯನ್ನು ಲೇಥಿಗೆ ಕಟ್ಟಿ, ಪಾತ್ರೆಯ ಒಳಮೈಯ ಆಕಾರಕ್ಕೆ ಕಡೆದು ಫರ್ಮಾ ಮಾಡಬೇಕು. ಅದರ ತುದಿಗೆ ದುಂಡಗೆ ಕತ್ತರಿಸಿದ ತಗಡನ್ನು ಒತ್ತಿ ಹಿಡಿಸಿ, ಎರಡನ್ನೂ ಒಟ್ಟಿಗೆ ತಿರುಗಿಸುತ್ತಾರೆ. ತಗಡಿಗೆ ಸಾಬೂನು ಅಥವಾ ಕೊಬ್ಬು ಸವರಿರುತ್ತದೆ. ಕೆಲಸಗಾರ ಉದ್ದ ಹಿಡಿಕೆಯ ಸಲಾಕೆಯನ್ನು ಕಂಕುಳಲ್ಲಿ ಅವುಚಿ, ಮೈಭಾರವನ್ನೇ ಹಾಕಿ, ನಡುವಿನಿಂದ ಅಂಚಿನ ಕಡೆಗೆ ತಗಡನ್ನು ಸ್ವಲ್ಪ ಸ್ವಲ್ಪವೇ ಫರ್ಮಾದ ಮೇಲೆ ಮಲಗಿಸುತ್ತಾನೆ. ಅವಸರ ಮಾಡಿದರೆ ತಗಡು ನೆರಿಗೆ ಬೀಳುತ್ತದೆ, ಇಲ್ಲವೇ ಹರಿಯುತ್ತದೆ. ತಿರುಗುವ ಅಂಚು ಕತ್ತಿಯಂತೆ. ತಪ್ಪಿದರೆ ಕೈಯೇ ಹೋದೀತು. ತಾಮ್ರ, ಹಿತ್ತಾಳೆಗಳು ನಡುವೆ ಬಿರುಸಾಗುವುದರಿಂದ ಬಿಚ್ಚಿ, ಕಾಯಿಸಿ, ಮೆದು ಮಾಡಿ ಮತ್ತೆ ಕೂರಿಸಬೇಕು. ಮೆತ್ತಗಿನ ಅಲ್ಯುಮಿನಿಯಂ ಬೇಗ ಬಗ್ಗುತ್ತದೆ. ಸುತ್ತಿಗೆಯ ನೂರಾರು ಪೆಟ್ಟಿನ ಕೆಲಸ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಬಾಯಿ ಕಿರಿದಾದ ಕೊಡಕ್ಕೆ ಮಾತ್ರ ಈ ಉಪಾಯ ಸಾಲದು, ಒಳಗಿನ ಫರ್ಮಾ ಹೊರಗೆ ಬರುವುದಿಲ್ಲ. ಅದಕ್ಕೆ ಬಿಡಿಬಿಡಿಯಾಗಿ ಕಳಚುವ ಫರ್ಮಾ ಬೇಕು, ಇಲ್ಲವೇ ಎರಡು ಅರ್ಧ ಮಾಡಿ ಬೆಸೆಯಬೇಕು.

ಕಟ್ಟಿಗೆಯ ಫರ್ಮಾದ ಮಹತ್ವ ಇರುವುದು ಖರ್ಚಿನಲ್ಲಿ. ಉಕ್ಕಿನ ಅಚ್ಚು, ದೊಡ್ಡ ಪ್ರೆಸ್ಸುಗಳಿಗೆ ಬಹಳ ಬಂಡವಾಳ ಬೇಕು. ಕಟ್ಟಿಗೆಯನ್ನಾದರೆ ಅದೇ ಲೇಥಿನಲ್ಲಿ ಕಡೆಯಬಹುದು. ಹೊಸ ಅಳತೆಗೆ ಹೊಸ ಫರ್ಮಾ. ಹಾಗಾಗಿ ಸಣ್ಣ ಬಂಡವಾಳದವರೂ ಈ ಕಸುಬಿಗೆ ಇಳಿದರು, ಪಾತ್ರೆಯ ಬೆಲೆಯೂ ಇಳಿಯಿತು.

ನಮ್ಮ ಸೀಮೆಯಲ್ಲಿ ಇದಕ್ಕೆ 'ಜರ್ಮನ್ ಪಾತ್ರೆ' ಎಂಬ ಹೆಸರು ಬಿತ್ತು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ ಗಂಗಾವತಿಯ ಕಡೆ ಭತ್ತದ ಗದ್ದೆಗಳು ಹಬ್ಬಿದವು. ಯಲಬುರ್ಗಾ, ಕುಷ್ಟಗಿಯ ಒಣಭೂಮಿಯಿಂದ ನಾಟಿಗೆ, ಕೊಯ್ಲಿಗೆ ಗುಳೆ ಹೋಗುವವರ ಗಂಟಿನಲ್ಲಿ ಒಡೆಯದ, ಹಗುರವಾದ ಜರ್ಮನ್ ಡಬರಿ ಸೇರಿಕೊಂಡಿತು. ದೂರದಿಂದ ನೀರು ಹೊರುವ ಹೆಣ್ಣುಮಕ್ಕಳ ತಲೆಯ ಮೇಲಿನ ಭಾರವೂ ಇಳಿಯಿತು. ಇದು ಸಣ್ಣ ಉಪಕಾರವಲ್ಲ.

ಆದರೆ ಅಲ್ಯುಮಿನಿಯಂಗೆ ಕಲಾಯಿ ಬೇಡ. ಮುಂದೆ ಬಂದ ಸ್ಟೀಲಿಗೂ ಬೇಡ. ಕಲಾಯಿಗಾರನ ಕೂಗಿಗೆ ಪಾತ್ರೆ ಹಿಡಿದು ಹೊರಬರುವವರು ಕಡಿಮೆಯಾದರು. ಆತನ ಮಕ್ಕಳು ಬೇರೆ ದುಡಿಮೆ ಹುಡುಕಿಕೊಂಡರು. ಕಲಾಯಿಗಾರನ ಅನ್ನ ಕಸಿದ ಲೇಥಿನ ಕೆಲಸಗಾರನೂ ಉಳಿದನೆಂದಲ್ಲ. ದೊಡ್ಡ ಕಾರ್ಖಾನೆಗಳ ಪ್ರೆಸ್ಸುಗಳು ಒಂದೇ ಒತ್ತಿಗೆ ತಾಟು, ಬಟ್ಟಲು ಕೊಡುವಾಗ ಆತನ ಕೈಗೂ ಕೆಲಸ ಕಡಿಮೆಯಾಯಿತು. ಅಗ್ಗದ ಲಾಭ ಎಲ್ಲರಿಗೂ ಹಂಚಿಹೋಯಿತು, ನಷ್ಟವನ್ನು ಮಾತ್ರ ಕೆಲವೇ ಮನೆಗಳು ಹೊತ್ತವು.

ಕೊಪ್ಪಳಕ್ಕೆ ಸಮೀಪದ ಕಿನ್ನಾಳದ ಚಿತ್ರಗಾರರ ಮರದ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅದು ಸಂತೋಷದ ಸಂಗತಿ. ಗೊಂಬೆಯಲ್ಲಿ ಕಟ್ಟಿಗೆ ಬಣ್ಣದೊಳಗೆ ಉಳಿಯುತ್ತದೆ, ನಾವು ಅದನ್ನು ಕಲೆ ಎನ್ನುತ್ತೇವೆ. ಪಾತ್ರೆಯಿಂದ ಕಟ್ಟಿಗೆಯನ್ನು ಕಳಚಿ ತೆಗೆಯುತ್ತಾರೆ, ಸವೆದ ಮೇಲೆ ಅದು ಬರೀ ಸೌದೆ. ಕಲಾಯಿಯ ತಿದಿ ಊದಿದವರು, ಲೇಥಿನ ಮುಂದೆ ನಿಂತವರು ಇನ್ನೂ ಅಲ್ಲಲ್ಲಿ ಇದ್ದಾರೆ. ಅವರು ಇರುವಾಗಲೇ ಅವರ ಮಾತನ್ನು, ಅವರ ಹೆಸರನ್ನು ಬರೆದಿಟ್ಟುಕೊಳ್ಳುವುದು ನಮ್ಮ ಮೇಲಿನ ಋಣ. ಉಡುಗೊರೆ ಕೊಟ್ಟವರ ಹೆಸರನ್ನು ನಾವು ಪಾತ್ರೆಯ ಮೇಲೆ ಕೊರೆಸಿದ್ದೇವೆ. ಮಾಡಿದವರ ಹೆಸರನ್ನು ಕಾಗದದ ಮೇಲಾದರೂ ಬರೆಯೋಣ.