ನೆಪ ಸಿಗದ ಹಾಗೆ ಬರೆಯುವ ಕಸುಬು

ಬೈಲಹೊಂಗಲದ ತಹಶೀಲ್ದಾರ ಕಚೇರಿ ಮುಂದೆ ಮೇಜು ಹಾಕಿಕೊಂಡು ಅರ್ಜಿ ಬರೆಯುವುದು ನಮ್ಮ ಮನೆತನದ ಕಸುಬು. ಅಪ್ಪ ಬರೆದದ್ದು ಉಳುವವರ ಅರ್ಜಿ. ನಾನು ಬರೆಯುವುದು ಸಣ್ಣ ಉದ್ಯಮದವರ ಟೆಂಡರು, ಸಂಘ ಸಂಸ್ಥೆಗಳ ಅನುದಾನದ ಪ್ರಸ್ತಾವನೆ. ಕಿತ್ತೂರು, ಸವದತ್ತಿ, ರಾಮದುರ್ಗದಿಂದಲೂ ಮಂದಿ ಬರುತ್ತಾರೆ. ಕುಂತ ಕೂಡಲೇ ಅನೇಕರದು ಒಂದೇ ಮಾತು: "ನಮ್ಮ ಕಷ್ಟಾನ ಚೊಲೋತ್ನಂಗ ಬರೀರಿ, ಸರ." ಕಷ್ಟ ಬರೆದರೆ ಓದಿದವರ ಕಣ್ಣು ಒದ್ದೆಯಾದೀತು, ಮಂಜೂರಾತಿ ಸಿಗುವುದಿಲ್ಲ. ಈ ನಾಲ್ಕು ಊರುಗಳ ಚರಿತ್ರೆಯೇ ನನಗೆ ಆ ಪಾಠ ಕಲಿಸಿದೆ.

ಸವದತ್ತಿಯಿಂದಲೇ ಶುರು ಮಾಡೋಣ. ರಟ್ಟರ ಕಾಲದಲ್ಲಿ ಅದು ಸುಗಂಧವರ್ತಿ. 980ರಲ್ಲಿ ರಟ್ಟರ ಶಾಂತಿವರ್ಮ ತಾನು ಕಟ್ಟಿಸಿದ ಬಸದಿಗೆ 150 ಮತ್ತರು ಭೂಮಿ ಬಿಟ್ಟ. ಆ ಕಾಲದ ದಾನಶಾಸನಗಳನ್ನು ಅರ್ಜಿ ಬರೆಯುವವನ ಕಣ್ಣಿಂದ ಓದಿ ನೋಡಿ: ಕೊಟ್ಟವರು ಯಾರು, ಪಡೆದವರು ಯಾರು, ಯಾವ ಸಂವತ್ಸರ, ಯಾವ ತಿಥಿ, ಭೂಮಿ ಎಷ್ಟು, ಅದರ ಎಲ್ಲೆ ಯಾವುದು, ಬಂದ ಉತ್ಪನ್ನ ಯಾತಕ್ಕೆ ಖರ್ಚಾಗಬೇಕು. ಕಟ್ಟಕಡೆಗೆ, ಇದನ್ನು ಕೆಡಿಸಿದವನಿಗೆ ಶಾಪ. ಇವತ್ತಿನ ಅನುದಾನದ ಆದೇಶದಲ್ಲೂ ಇರುವುದು ಇಷ್ಟೇ. ಶಾಪದ ಜಾಗಕ್ಕೆ ಬಡ್ಡಿ ಸಮೇತ ವಸೂಲಿಯ ಷರತ್ತು ಬಂದಿದೆ.

ಕಾಗದವೊಂದು ಸೋತರೆ ಏನಾಗುತ್ತದೆ ಎಂಬುದಕ್ಕೆ ಕಿತ್ತೂರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ದೇಸಾಯಿ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮುಂಚೆ ಶಿವಲಿಂಗಪ್ಪನನ್ನು ದತ್ತು ತಗೊಂಡಿದ್ದೇನೆಂಬ ಪತ್ರ ತಡವಾಗಿ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಕೈ ಸೇರಿತು. ಆತ ದತ್ತಕವನ್ನು ಒಪ್ಪಲಿಲ್ಲ, ಪತ್ರದ ಮೇಲಿನ ಸಹಿಯನ್ನೂ ನಂಬಲಿಲ್ಲ. ಸಂಸ್ಥಾನದ ಖಜಾನೆಗೆ ಮೊಹರು ಬಿತ್ತು. ರಾಣಿ ಚೆನ್ನಮ್ಮ ನೇರ ಕತ್ತಿ ಹಿಡಿಯಲಿಲ್ಲ, ಮೊದಲು ಹಿಡಿದದ್ದು ಲೇಖಣಿ. ಕಮಿಷನರ್ ಚಾಪ್ಲಿನ್‌ಗೆ, ಮುಂಬಯಿ ಗವರ್ನರ್ ಎಲ್ಫಿನ್‌ಸ್ಟನ್‌ಗೆ ಪತ್ರಗಳು ಹೋದವು. ಆದರೂ ದತ್ತಕಕ್ಕೆ ಮನ್ನಣೆ ದಕ್ಕಲಿಲ್ಲ. ಅಕ್ಟೋಬರ್ 23ರಂದು ಕೋಟೆ ಮುಂದೆ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕಿತ್ತೂರು ಬಿತ್ತು. ಸೆರೆಯಲ್ಲಿದ್ದ ಚೆನ್ನಮ್ಮ 1829ರ ಫೆಬ್ರುವರಿಯಲ್ಲಿ ನಮ್ಮ ಬೈಲಹೊಂಗಲದಲ್ಲೇ ಕಣ್ಣು ಮುಚ್ಚಿದಳು.

ಸಹಿ ಸ್ವಚ್ಛವಾಗಿದ್ದರೆ, ಪತ್ರ ಬೇಗ ಮುಟ್ಟಿದ್ದರೆ ಕಿತ್ತೂರು ಉಳಿಯುತ್ತಿತ್ತೇ? ನನಗೆ ನಂಬಿಕೆಯಿಲ್ಲ. ಈಸ್ಟ್ ಇಂಡಿಯಾ ಕಂಪನಿಗೆ ಬೇಕಾಗಿದ್ದದ್ದು ನಾಡು, ಸಹಿ ಸಿಕ್ಕ ನೆಪ. ಆದರೆ ನೆಪ ಸಿಕ್ಕಿತು ಎಂಬುದೂ ಅಷ್ಟೇ ಖರೆ.

ಮುಂದೆ ಅದೇ ಕಥೆ ರಾಮದುರ್ಗದ ನೆಲದಲ್ಲಿ ಮರುಕಳಿಸಿತು. 1852ರ ಇನಾಂ ಕಾಯಿದೆ ಬಂದ ಮೇಲೆ ಇನಾಮು ಉಂಡವರೆಲ್ಲ ಸನದು ತೋರಿಸಬೇಕಾಯಿತು. ತಲೆಮಾರುಗಳಿಂದ ಬಂದ ಭೂಮಿ ಎಂಬ ಮಾತಿಗಿಂತ ಪೆಟ್ಟಿಗೆಯೊಳಗಿನ ಹಾಳೆ ಹೆಚ್ಚಾಯಿತು. ಪಕ್ಕದ ನರಗುಂದದ ಭಾಸ್ಕರರಾವ್ ಭಾವೆಗೆ ದತ್ತಕದ ಅನುಮತಿಯೂ ಸಿಗಲಿಲ್ಲ. 1858ರ ಮೇ 29ರ ರಾತ್ರಿ ರಾಮದುರ್ಗದ ಸುರೇಬಾನದಲ್ಲಿ ಆತನ ಕಡೆಯವರ ಕೈಯಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ಕೊಲೆಯಾಯಿತು. ಎರಡು ವಾರದೊಳಗೆ, ಜೂನ್ 12ರಂದು, ಭಾಸ್ಕರರಾವನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಕಿತ್ತೂರಿನಲ್ಲಿ ದತ್ತಕದ ಪತ್ರ, ನರಗುಂದದಲ್ಲಿ ದತ್ತಕದ ಅರ್ಜಿ: ಎರಡರ ಉತ್ತರಕ್ಕೂ ರಕ್ತ ಹರಿಯಿತು.

ಮುಂಬಯಿ ಪ್ರಾಂತದ ಆ ಕಾಲದಲ್ಲಿ ಈ ಭಾಗದ ಕಚೇರಿ ಬರವಣಿಗೆಯಲ್ಲಿ ಮರಾಠಿಯದೇ ಮೇಲುಗೈ, ಅದೂ ಮೋಡಿ ಲಿಪಿಯಲ್ಲಿ. ಕನ್ನಡದಲ್ಲಿ ಗೋಳು ಹೇಳಿಕೊಂಡ ರೈತ, ತಾನು ಓದಲಾರದ ಅಕ್ಷರದ ಕೆಳಗೆ ಹೆಬ್ಬೆಟ್ಟು ಒತ್ತಿ ಮನೆಗೆ ಹೋಗುತ್ತಿದ್ದ. ಬರೆಯುವವನ ಮೇಲೆ ಮಂದಿಗಿದ್ದ ಭಯ, ಭಕ್ತಿ ಎರಡಕ್ಕೂ ಮೂಲ ಇಲ್ಲಿದೆ.

ಆ ಭಯ ಸ್ವಲ್ಪ ಸಡಿಲಾದದ್ದು ಭೂಸುಧಾರಣೆ ಹೊತ್ತಿಗೆ. 1974ರ ಮಾರ್ಚ್ 1ರಂದು ದೇವರಾಜ ಅರಸರ ತಿದ್ದುಪಡಿ ಜಾರಿಗೆ ಬಂತು. ಆ ದಿನದ ಹಿಂದೆ ತಾನು ಉಳುತ್ತಿದ್ದೆನೆಂದು ತೋರಿಸಿ, ಫಾರ್ಮ್ ನಂಬರ್ 7 ತುಂಬಿಕೊಟ್ಟವನಿಗೆ ಹೊಲ. ಗಡುವು ಮುಂದೆ ಮುಂದೆ ಹೋಗಿ ಕೊನೆಗೆ 1979ರ ಜೂನ್ 30ಕ್ಕೆ ನಿಂತಿತು. ಈ ಅರ್ಜಿ ತೀರ್ಮಾನಿಸುವ ಭೂ ನ್ಯಾಯಮಂಡಳಿಯೊಳಗೆ ವಕೀಲರು ನಿಲ್ಲುವಂತಿರಲಿಲ್ಲ. ಹಾಗಾಗಿ ಅರ್ಜಿಯೇ ವಾದ ಮಾಡಬೇಕಿತ್ತು. ಬಾಯಿಮಾತಿನ ಲಾವಣಿಗೆ ಚೀಟಿ ಎಲ್ಲಿಂದ ತರುವುದು? ಅಪ್ಪ ಮೊದಲು ಪಹಣಿ ತರಿಸುತ್ತಿದ್ದ. ಅದರಲ್ಲಿ ಹೆಸರಿಲ್ಲದಿದ್ದರೆ ಬದುವಿನ ಆಚೆಗಿನ ಹೊಲದವರು ಯಾರು, ಯಾವ ವರ್ಷ ಜೋಳ, ಯಾವ ವರ್ಷ ಹತ್ತಿ, ಪಾಲಿನ ಚೀಲ ಯಾರ ಬಂಡಿಯಲ್ಲಿ ಸಾಹುಕಾರನ ಮನೆ ಸೇರಿತು ಎಂದು ಒಂದೊಂದೇ ಕೇಳುತ್ತಿದ್ದ. "ಅಳೂದು ಮನ್ಯಾಗ ಅಳ್ರಿ. ಇಲ್ಲಿ ಸರ್ವೆ ನಂಬರ ಹೇಳ್ರಿ," ಅನ್ನುತ್ತಿದ್ದ. ನನಗೂ ಅವನ ಬುದ್ಧಿಮಾತು ಒಂದೇ: "ಕೊಡಬಾರದಂತ ಕುಂತಾವ್ಗ ನೆಪ ಸಿಗಬಾರದು, ಹಂಗ ಬರಿ."

ನಾನು ಮೇಜಿಗೆ ಕೂರುವ ಹೊತ್ತಿಗೆ ಕಾಲ ಬದಲಾಗಿತ್ತು. 1999ರಲ್ಲಿ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಯ ಕಾಯಿದೆ ಬಂತು. ಊರ ದೊಡ್ಡವರ ನಡುವೆ ಮಾತಲ್ಲೇ ಮುಗಿಯುತ್ತಿದ್ದ ಗುತ್ತಿಗೆ ಲಕೋಟೆಗೆ ಬಂತು, ಲಕೋಟೆಯಿಂದ ಕಂಪ್ಯೂಟರಿಗೆ ಹೋಯಿತು. ಬಹಳ ಟೆಂಡರುಗಳಲ್ಲಿ ಈಗ ಎರಡು ಹಂತ: ಮೊದಲು ಅರ್ಹತೆಯ ದಾಖಲೆ, ಅದು ಪಾಸಾದರೆ ಮಾತ್ರ ದರ. ಖಡಕ್ ರೊಟ್ಟಿ ಮಾಡುವ ಹೆಣ್ಣುಮಕ್ಕಳ ಸಂಘದವರು ಬಂದಾಗ ನೋಡಿದ್ದೇನೆ. ಅವರ ರೊಟ್ಟಿಗೆ, ದರಕ್ಕೆ ಸರಿಸಾಟಿ ಇರುವುದಿಲ್ಲ. ಲೆಕ್ಕಪರಿಶೋಧಕರ ಸಹಿ ಮಾತ್ರ ಇರುವುದಿಲ್ಲ. ಮೊದಲ ಹಂತದಲ್ಲೇ ಬಿದ್ದರೆ ಅವರ ದರವನ್ನು ತೆರೆದು ನೋಡುವವರೂ ಇಲ್ಲ. ಕೇಂದ್ರ ಸರ್ಕಾರದ 2012ರ ಖರೀದಿ ನೀತಿಯಲ್ಲಿ ಸಣ್ಣ ಉದ್ಯಮಗಳಿಗೆ ಇಎಂಡಿ, ಅಂದರೆ ಮುಂಗಡ ಠೇವಣಿಯ, ವಿನಾಯಿತಿ ಇದೆ. ಆದರೆ ನೋಂದಣಿ ಪತ್ರ ಲಗತ್ತಿಸದವರಿಗೆ ಅದು ದಕ್ಕುವುದಿಲ್ಲ. ಅನುದಾನ ಕೇಳುವ ಸಂಸ್ಥೆಗಳದೂ ಇದೇ ಪಾಡು: ಉದ್ದೇಶದ ಬಗ್ಗೆ ಹತ್ತು ಪುಟ, ಖರ್ಚಿನ ಬಗ್ಗೆ ಅರ್ಧ ಪುಟ. ನಾನು ಅದನ್ನು ತಿರುವಿ ಹಾಕುತ್ತೇನೆ. ಯಾವ ಊರು, ಎಷ್ಟು ಮಕ್ಕಳು, ಯಾವ ತಿಂಗಳು ಯಾವ ಕೆಲಸ, ಅದಕ್ಕೆಷ್ಟು ದುಡ್ಡು, ಆಗಿದೆಯೆಂದು ಯಾರು ನೋಡಿ ಹೇಳುತ್ತಾರೆ.

ಒಳ್ಳೆಯ ಕಾಗದ ಬರೆದವರಿಗೆಲ್ಲ ನ್ಯಾಯ ಸಿಗುತ್ತದೆ ಎಂದು ನಾನು ಹೇಳಲಾರೆ. ಚೆನ್ನಮ್ಮನ ಊರಿನವನು ಹಾಗೆ ಹೇಳಬಾರದು. ಆದರೆ ಅವಳಿಗೆ ಇಲ್ಲದ ಒಂದು ದಾರಿ ನಮಗಿದೆ. ಅವಳ ಅರ್ಜಿ ತಿರಸ್ಕರಿಸಿದವರೇ ತೀರ್ಪುಗಾರರೂ ಆಗಿದ್ದರು. ಇವತ್ತು ಟೆಂಡರಿನಲ್ಲಿ ಅನ್ಯಾಯವಾಗಿದ್ದರೆ 1999ರ ಪಾರದರ್ಶಕತೆ ಕಾಯಿದೆಯ 16ನೇ ಕಲಮಿನ ಪ್ರಕಾರ 30 ದಿನದೊಳಗೆ ಮೇಲ್ಮನವಿ ಹಾಕಬಹುದು. 2005ರ ಮಾಹಿತಿ ಹಕ್ಕಿನಡಿ ಕಡತದ ನಕಲು ಕೇಳಬಹುದು. ಅರ್ಜಿಯಲ್ಲಿ ತೂತಿದ್ದರೆ ಎರಡೂ ಉಪಯೋಗಕ್ಕೆ ಬರುವುದಿಲ್ಲ. ಆದ್ದರಿಂದ ಅರ್ಜಿ ಹಾಕುವವರಿಗೆ ನನ್ನ ಮಾತಿಷ್ಟೇ: ಗಡುವಿನ ಕಡೇ ದಿನಕ್ಕೆ ಕಾಯಬೇಡಿ, ಕೇಳಿದ ದಾಖಲೆಯನ್ನು ಕೇಳಿದ ಕ್ರಮದಲ್ಲೇ ಇಡಿ, ಸ್ವೀಕೃತಿ ಇಲ್ಲದೆ ಕಚೇರಿಯ ಮೆಟ್ಟಿಲು ಇಳಿಯಬೇಡಿ.