ಸ್ಟೆಪ್ನಿ ಎಂಬ ಬೀದಿ, ಪಂಕ್ಚರ್ ಎಂಬ ಪೀಡೆ

ಹಾಸನ ತಾಲ್ಲೂಕಿನ ದುದ್ದದ ಸುತ್ತಮುತ್ತ ಎಲ್ಲೋ ಹೋಗುತ್ತಿರುವಾಗ ನಿಮ್ಮ ಕಾರಿನ ಟೈರು ಪಂಕ್ಚರ್ ಆಯಿತೆಂದುಕೊಳ್ಳಿ. ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸುತ್ತೀರಿ. ಹೊಲದ ಕಡೆಯಿಂದ ಬಂದವರೊಬ್ಬರು ನೆಲಕ್ಕೆ ಕುಸಿದ ಚಕ್ರವನ್ನು ನೋಡುತ್ತಾರೆ. ಅವರು ಕೇಳುವ ಮೊದಲ ಪ್ರಶ್ನೆ ಒಂದೇ: "ಸ್ಟೆಪ್ನಿ ಐತಾ ಸಾರ್?"

ಈ ‘ಸ್ಟೆಪ್ನಿ’ ಯಾವ ಭಾಷೆಯ ಪದ? ಇಂಗ್ಲಿಷ್ ಎನ್ನುತ್ತೀರಿ. ಆದರೆ ಇಂದಿನ ಇಂಗ್ಲೆಂಡಿನಲ್ಲಿ ಕಾರು ಓಡಿಸುವವರಿಗೆ ಈ ಪದ ಹೇಳಿದರೆ ಹೆಚ್ಚಿನವರಿಗೆ ಅರ್ಥವಾಗಲಾರದು. ಅವರ ಬಾಯಲ್ಲಿ ಸತ್ತುಹೋದ ಪದವೊಂದು ನಮ್ಮ ಲಾರಿ ಚಾಲಕರ, ಮೆಕ್ಯಾನಿಕ್ಕುಗಳ ಬಾಯಲ್ಲಿ ನೂರು ವರ್ಷಕ್ಕೂ ಮಿಕ್ಕಿ ಬದುಕಿದೆ. ಅದರ ಜಾಡು ಹಿಡಿದು ಹೊರಟರೆ ಗಾಳಿ ಟೈರಿನ ಇತಿಹಾಸವೆಲ್ಲ ಎದುರಾಗುತ್ತದೆ. ಆ ಇತಿಹಾಸದ ಉದ್ದಕ್ಕೂ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆ ‘ಸವಾರಿ ಎಷ್ಟು ಹಿತ?’ ಎಂಬುದಕ್ಕಿಂತ ಹೆಚ್ಚಾಗಿ ‘ದಾರಿಯಲ್ಲಿ ತೂತಾದರೆ ಏನು ಗತಿ?’ ಎಂಬುದು.

ಗಾಳಿ ತುಂಬಿದ ಚಕ್ರ

‘ಟೈರ್’ ಎಂಬ ಪದ ರಬ್ಬರಿಗಿಂತ ಹಳೆಯದು. ಮರದ ಚಕ್ರಕ್ಕೆ ಸುತ್ತ ಬಿಗಿದ ಕಬ್ಬಿಣದ ಪಟ್ಟಿಗೆ ಮೊದಲು ಆ ಹೆಸರಿತ್ತು. ನಮ್ಮ ಎತ್ತಿನ ಗಾಡಿಯ ಪಟ್ಟಿಯನ್ನು ಕಾಯಿಸಿ ಹಿಗ್ಗಿಸಿ, ಚಕ್ರಕ್ಕೆ ತೊಡಿಸಿ, ನೀರು ಹೊಯ್ದು ಕುಗ್ಗಿಸಿ ಬಿಗಿಮಾಡುವುದನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಉಷ್ಣದಿಂದ ವಸ್ತುಗಳು ಹಿಗ್ಗುತ್ತವೆ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಈ ಟೈರಿಗೆ ಪಂಕ್ಚರ್ ಎಂಬುದೇ ಇಲ್ಲ. ಆದರೆ ರಸ್ತೆಯ ಪ್ರತಿಯೊಂದು ಕಲ್ಲಿನ ಪೆಟ್ಟೂ ನೇರವಾಗಿ ಗಾಡಿಗೆ, ಎತ್ತಿನ ಹೆಗಲಿಗೆ ತಲಪುತ್ತದೆ.

ರಬ್ಬರನ್ನು ಬಳಸಲು ಒಂದು ಅಡ್ಡಿಯಿತ್ತು. ಮರದ ಹಾಲಿನಿಂದ ತೆಗೆದ ರಬ್ಬರು ಬಿಸಿಲಿಗೆ ಅಂಟಂಟಾಗುತ್ತದೆ, ಚಳಿಗೆ ಸೆಟೆಯುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿದಾಗ ಈ ದೋಷ ನೀಗಿತು. ರಬ್ಬರಿನ ಉದ್ದುದ್ದ ಅಣುಸರಪಳಿಗಳ ನಡುವೆ ಗಂಧಕವು ಅಡ್ಡಕೊಂಡಿ ಹಾಕುತ್ತದೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮೊದಲಿನ ಆಕಾರಕ್ಕೆ ಬರುತ್ತದೆ. ಇದೇ ವಲ್ಕನೀಕರಣ. ಇಂದಿಗೂ ಟ್ಯೂಬಿಗೆ ಪ್ಯಾಚ್ ಹಾಕುವ ಅಂಗಡಿಯಲ್ಲಿ ಈ ಪದವನ್ನು ನೀವು ಕೇಳಬಹುದು.

ಗುಡ್‌ಇಯರ್‌ಗೆ ಪೇಟೆಂಟ್ ಸಿಕ್ಕಿದ್ದು 1844ರಲ್ಲಿ. ಮರುವರ್ಷವೇ ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ 23 ವರ್ಷದ ಎಂಜಿನಿಯರು ಗಾಳಿ ತುಂಬಿದ ಚಕ್ರಕ್ಕೆ ಪೇಟೆಂಟ್ ಪಡೆದ. ರಬ್ಬರು ಬಳಿದ ಬಟ್ಟೆಯ ಕೊಳವೆ, ಅದರ ಮೇಲೆ ಚರ್ಮದ ಹೊದಿಕೆ. ಅದನ್ನು ಬೋಲ್ಟು ಹಾಕಿ ಮರದ ಚಕ್ರಕ್ಕೆ ಬಿಗಿದಿತ್ತು. ಒಂದರ ಬದಲು ಹಲವು ಸಣ್ಣ ಕೊಳವೆಗಳನ್ನು ಇಟ್ಟರೆ ಒಂದು ತೂತಾದರೂ ಉಳಿದವು ಭಾರ ಹೊರುತ್ತವೆ. 1847ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಈ ಚಕ್ರಗಳ ಕುದುರೆಗಾಡಿ ಸದ್ದಿಲ್ಲದೆ ಓಡಿ ನೋಡಿದವರನ್ನು ಬೆರಗುಗೊಳಿಸಿತು. ಒಂದು ಜೊತೆ ಚಕ್ರಗಳು ಸುಮಾರು 1,900 ಕಿ.ಮೀ. ಓಡಿದವು.

ಆದರೂ ಅದು ಮೂಲೆ ಸೇರಿತು. ತೆಳುವಾದ ಒಳ್ಳೆಯ ರಬ್ಬರು ದುಬಾರಿ. ದೂರದ ಪ್ರಯಾಣವನ್ನು ಆಗ ರೈಲು ಸೆಳೆದುಕೊಳ್ಳುತ್ತಿತ್ತು. ಇವುಗಳ ಜೊತೆಗೆ, ದಾರಿಯಲ್ಲಿ ತೂತಾದರೆ ಬೋಲ್ಟುಗಳನ್ನೆಲ್ಲ ಬಿಚ್ಚಿ, ಚರ್ಮ ಕಳಚಿ, ತೂತು ಹುಡುಕುವ ತಾಳ್ಮೆ ಯಾವ ಗಾಡಿಯವನಿಗೆ ಇದ್ದೀತು? ಥಾಮ್ಸನ್ ಸ್ವತಃ ಮುಂದೆ ಗಟ್ಟಿ ರಬ್ಬರಿನ ಟೈರಿಗೆ ತಿರುಗಿದ. ಅಂಥ ಟೈರಿನ ಅವನ ಉಗಿ ಎಂಜಿನ್ನುಗಳು 1870ರ ದಶಕದ ಆರಂಭದಲ್ಲಿ ಭಾರತಕ್ಕೂ ಬಂದು ಪಂಜಾಬಿನ ರಸ್ತೆಗಳಲ್ಲಿ ಓಡಿದವು.

ಗಾಳಿಯ ಟೈರು ಮರುಹುಟ್ಟು ಪಡೆದದ್ದು 1888ರಲ್ಲಿ, ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ. ಅಲ್ಲಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿಯ ಟ್ಯೂಬು ಸುತ್ತಿದ. ಥಾಮ್ಸನ್ನನ ವಿಷಯ ಅವನಿಗೆ ತಿಳಿದಿರಲಿಲ್ಲ. ಕೆಲವು ವರ್ಷಗಳಲ್ಲೇ ಹಳೆಯ ಪೇಟೆಂಟಿನ ಕಾರಣಕ್ಕೆ ಅವನ ಪೇಟೆಂಟು ಬಿದ್ದುಹೋಯಿತು. ಹೆಸರು ಮಾತ್ರ ಉಳಿಯಿತು. ಎಷ್ಟರ ಮಟ್ಟಿಗೆ ಎಂದರೆ, ರಬ್ಬರ್ ಗಾಲಿಯ ಎತ್ತಿನ ಗಾಡಿಯನ್ನು ನಮ್ಮಲ್ಲಿ ಇಂದಿಗೂ ‘ಡನ್‌ಲಪ್ ಗಾಡಿ’ ಎನ್ನುವವರಿದ್ದಾರೆ.

ಒಂದು ರಾತ್ರಿ ಒಣಗಿದ ಅಂಟು

ಡನ್‌ಲಪ್ ತನ್ನ ಟೈರನ್ನು ಚಕ್ರಕ್ಕೆ ಅಂಟಿಸಿಬಿಟ್ಟಿದ್ದ. ಇದರ ಫಲವನ್ನು ತೋರಿಸುವ ಪ್ರಸಂಗವೊಂದು ಫ್ರಾನ್ಸಿನ ಕ್ಲೆರ್ಮೋಂ-ಫೆರಾಂ ಊರಿನದು. ಅಲ್ಲಿ ಮಿಶೆಲಿನ್ ಸಹೋದರರ ರಬ್ಬರ್ ಕಾರ್ಖಾನೆಯಿತ್ತು. 1889ರಲ್ಲಿ ಪಂಕ್ಚರಾದ ಡನ್‌ಲಪ್ ಟೈರಿನೊಡನೆ ಸೈಕಲ್ ಸವಾರನೊಬ್ಬ ಅಲ್ಲಿಗೆ ಬಂದ. ಟೈರನ್ನು ಕಿತ್ತು ತೂತು ಮುಚ್ಚಿ ಮತ್ತೆ ಅಂಟಿಸಲು ಮೂರು ಗಂಟೆ ಹಿಡಿಯಿತು. ಅಂಟು ಒಣಗಲೆಂದು ರಾತ್ರಿಯಿಡೀ ಬಿಟ್ಟರು. ಬೆಳಗ್ಗೆ ಎದುವಾರ್ ಮಿಶೆಲಿನ್ ಸೈಕಲ್ ಏರಿ ಹೊರಟ. ಕೆಲವು ನೂರು ಮೀಟರ್ ಹೋಗುವಷ್ಟರಲ್ಲಿ ಟೈರು ಮತ್ತೆ ಚಪ್ಪಟೆ!

ಗಾಳಿಯ ಮೇಲಿನ ಸವಾರಿ ಎದುವಾರನಿಗೆ ಬಹಳ ಹಿಡಿಸಿತ್ತು. ಆದರೆ ಸಾಮಾನ್ಯ ಸವಾರನೇ ದಾರಿಬದಿಯಲ್ಲಿ ಸರಿಪಡಿಸಿಕೊಳ್ಳಲಾಗದ ಟೈರು ಬಾಳುವುದಿಲ್ಲ ಎಂದೂ ಅವನಿಗೆ ಮನವರಿಕೆಯಾಯಿತು. 1891ರಲ್ಲಿ ಸಹೋದರರು ಕಳಚಬಹುದಾದ ಟೈರಿಗೆ ಪೇಟೆಂಟ್ ಪಡೆದರು. ಮೂರು ಗಂಟೆಯ ಕೆಲಸ ಹದಿನೈದು ನಿಮಿಷಕ್ಕೆ ಇಳಿಯಿತು. ಅದೇ ವರ್ಷ ಸುಮಾರು 1,200 ಕಿ.ಮೀ. ಉದ್ದದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸೈಕಲ್ ಪಂದ್ಯವನ್ನು ಶಾರ್ಲ್ ತೆರೋಂ ಈ ಟೈರುಗಳ ಮೇಲೆ ಗೆದ್ದ. ದಾರಿಯಲ್ಲಿ ಅವನಿಗೂ ಪಂಕ್ಚರ್ ಆಗಿತ್ತು. ಗೆದ್ದದ್ದು ತೂತಾಗದ ಟೈರಲ್ಲ, ಬೇಗ ರಿಪೇರಿಯಾಗುವ ಟೈರು ಎಂಬುದನ್ನು ಗಮನಿಸಿ. ಮರುವರ್ಷದ ಪಂದ್ಯದಲ್ಲಿ ಇದನ್ನು ಜನರಿಗೆ ತೋರಿಸಲೆಂದೇ ಮಿಶೆಲಿನ್ ಕಡೆಯವರು ರಸ್ತೆಯಲ್ಲಿ ಮೊಳೆ ಚೆಲ್ಲಿಸಿದರೆಂದು ಹೇಳುತ್ತಾರೆ!

ಸೈಕಲ್ಲಿನ ಮಾತು ಹಾಗಿರಲಿ, ಕಾರಿನ ಭಾರವನ್ನು ಗಾಳಿ ಹೊರಬಲ್ಲುದೆ? 1895ರ ಪ್ಯಾರಿಸ್–ಬೋರ್ಡೊ–ಪ್ಯಾರಿಸ್ ಕಾರು ಪಂದ್ಯಕ್ಕೆ ಸಹೋದರರು ತಾವೇ ಗಾಳಿ ಟೈರಿನ ಕಾರಿನಲ್ಲಿ ಹೊರಟರು. ಒಯ್ದಿದ್ದ 22 ಟ್ಯೂಬುಗಳೂ ಮುಗಿದವು. ಗಡುವು ಮೀರಿ ಊರು ಮುಟ್ಟಿದರು. ಸೋತರೂ ಮುಟ್ಟಿದರು ಎಂಬುದೇ ಸುದ್ದಿಯಾಯಿತು. ಮುಂದಿನ ಹತ್ತು ವರ್ಷಗಳಲ್ಲಿ ಕಾರುಗಳೆಲ್ಲ ಗಾಳಿಯ ಮೇಲೆ ಓಡತೊಡಗಿದವು.

ಸ್ಟೆಪ್ನಿ ಬೀದಿಯ ಅಂಗಡಿ

ಆ ಕಾಲದ ಕಾರಿನ ಚಕ್ರವನ್ನು ಇಂದಿನಂತೆ ನಾಲ್ಕು ನಟ್ಟು ಬಿಚ್ಚಿ ತೆಗೆಯುವಂತಿರಲಿಲ್ಲ. ಚಕ್ರ ಕಾರಿನಲ್ಲೇ ಇರಬೇಕು. ಟೈರನ್ನು ಮಾತ್ರ ಮೀಟಿ ಎಬ್ಬಿಸಿ, ಟ್ಯೂಬು ಎಳೆದು, ಪ್ಯಾಚ್ ಹಾಕಿ, ಕೈಪಂಪಿನಿಂದ ಗಾಳಿ ತುಂಬಬೇಕು. ಮಳೆಯಲ್ಲಿ, ಕತ್ತಲಲ್ಲಿ ಇದನ್ನು ಊಹಿಸಿಕೊಳ್ಳಿ. ರಸ್ತೆಗಳ ತುಂಬ ಕುದುರೆ ಲಾಳದ ಮೊಳೆಗಳು ಬೇರೆ.

ವೇಲ್ಸ್ ಪ್ರಾಂತದ ಲನೆಲ್ಲಿ ಪಟ್ಟಣದಲ್ಲಿ ಸ್ಟೆಪ್ನಿ ಎಂಬ ಬೀದಿಯಿದೆ. ಅಲ್ಲಿ ಕಬ್ಬಿಣದ ಸಾಮಾನಿನ ವ್ಯಾಪಾರಿಗಳಾಗಿದ್ದ ಥಾಮಸ್ ಮಾರಿಸ್ ಡೇವಿಸ್ ಮತ್ತು ಅವನ ಸಹೋದರ ವಾಲ್ಟರ್ 1904ರಲ್ಲಿ ಒಂದು ಉಪಾಯ ಹೂಡಿದರು. ಅರಗಳಿಲ್ಲದ ಬರಿಯ ಬಳೆ. ಅದರ ಮೇಲೆ ಮೊದಲೇ ಗಾಳಿ ತುಂಬಿದ ಟೈರು. ಪಂಕ್ಚರಾದರೆ ಈ ಬಳೆಯನ್ನು ಕೆಟ್ಟ ಚಕ್ರದ ಪಕ್ಕಕ್ಕೆ ಒತ್ತಿ ಕೊಂಡಿಗಳಿಂದ ಬಿಗಿದರೆ ಸಾಕು, ಕಾರು ಹೊರಡುತ್ತದೆ. ರಿಪೇರಿಯನ್ನು ಊರು ಸೇರಿದ ಮೇಲೆ ನೋಡಿಕೊಳ್ಳಬಹುದು.

ಇಲ್ಲಿ ನಡೆದ ಬದಲಾವಣೆ ಸಣ್ಣದಲ್ಲ. ಥಾಮ್ಸನ್ನನಿಂದ ಮಿಶೆಲಿನ್ನರವರೆಗೆ ಎಲ್ಲರೂ ತೂತನ್ನು ಮುಚ್ಚುವ ದಾರಿ ಹುಡುಕಿದರು. ಡೇವಿಸ್ ಸಹೋದರರು ತೂತಿನ ಗೋಜಿಗೇ ಹೋಗಲಿಲ್ಲ, ರಿಪೇರಿಯನ್ನು ರಸ್ತೆಯಿಂದ ಅಂಗಡಿಗೆ ಸಾಗಿಸಿದರು. ‘ಪಂಚರ್’ ಎಂದು ಬಿಳಿ ಬಣ್ಣದಲ್ಲಿ ಬರೆದ ಹಳೆ ಟೈರನ್ನು ಮರಕ್ಕೆ ತೂಗುಹಾಕಿದ ಅಂಗಡಿಗಳು ನಮ್ಮ ಹೆದ್ದಾರಿಯುದ್ದಕ್ಕೂ ಇರುವುದಕ್ಕೂ ಈ ಉಪಾಯಕ್ಕೂ ಸಂಬಂಧವಿದೆ.

ಸ್ಟೆಪ್ನಿ ಚಕ್ರ ಬ್ರಿಟಿಷ್ ಸಾಮ್ರಾಜ್ಯದ ಉದ್ದಗಲಕ್ಕೂ ಮಾರಾಟವಾಯಿತು. ಆದರೆ ಅದರ ಬಾಳು ಚಿಕ್ಕದು. 1906ರಲ್ಲಿ ಫ್ರಾನ್ಸಿನ ಮೊದಲ ಗ್ರಾಂಡ್ ಪ್ರಿ ಪಂದ್ಯವನ್ನು ಗೆದ್ದ ರೆನೋ ಕಾರಿನಲ್ಲಿ ಟೈರು ಸಮೇತ ಕಳಚಿ ಬದಲಿಸಬಹುದಾದ ಅಂಚುಬಳೆಗಳಿದ್ದವು. ಆಮೇಲೆ ಇಡೀ ಚಕ್ರವೇ ಕಳಚುವಂತಾಯಿತು, ಹೆಚ್ಚುವರಿ ಚಕ್ರ ಕಾರಿನ ಜೊತೆಗೇ ಬರತೊಡಗಿತು. ಸ್ಟೆಪ್ನಿ ಕೊಳ್ಳುವವರು ಇಲ್ಲವಾದರು. ಭಾರತ, ಬಾಂಗ್ಲಾದೇಶ, ಮಾಲ್ಟಾಗಳಲ್ಲಿ ಮಾತ್ರ ಹೆಚ್ಚುವರಿ ಚಕ್ರಕ್ಕೆ ಆ ಬೀದಿಯ ಹೆಸರೇ ನಿಂತಿತು. ಬ್ರೆಜಿಲ್ಲಿನವರ ‘ಎಸ್ತೆಪಿ’ ಕೂಡ ಇದರ ದಾಯಾದಿಯೇ.

ಚಕ್ರ ಬದಲಿಸುವ ಭೌತವಿಜ್ಞಾನ

ಸ್ಟೆಪ್ನಿ ಹಾಕುವಾಗ ನೀವು ಮಾಡುವ ಪ್ರತಿಯೊಂದು ಕೆಲಸದಲ್ಲೂ ಪ್ರೌಢಶಾಲೆಯ ಪಾಠವೊಂದು ಅಡಗಿದೆ. 800 ಕಿ.ಗ್ರಾಂ. ತೂಕದ ಸಣ್ಣ ಕಾರನ್ನು ತೆಗೆದುಕೊಳ್ಳಿ. ಒಂದೊಂದು ಚಕ್ರದ ಮೇಲೆ ಸರಾಸರಿ 200 ಕಿ.ಗ್ರಾಂ. ಭಾರ. ಟೈರಿನ ಗಾಳಿಯ ಒತ್ತಡ 30 ಪಿ.ಎಸ್.ಐ., ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2.1 ಕಿ.ಗ್ರಾಂ. ಭಾಗಿಸಿ ನೋಡಿ: ಟೈರು ನೆಲವನ್ನು ಮುಟ್ಟುವ ಜಾಗ ಹೆಚ್ಚುಕಡಿಮೆ 95 ಚದರ ಸೆಂ.ಮೀ. ನಿಮ್ಮ ಅಂಗೈಯಷ್ಟು! ಗಾಳಿ ಇಳಿದಂತೆ ಈ ಜಾಗ ಹಿಗ್ಗುತ್ತದೆ, ಟೈರಿನ ಪಕ್ಕಗಳು ಪ್ರತಿ ಸುತ್ತಿನಲ್ಲೂ ಮಡಚಿ ಬಿಡಿಸಿಕೊಂಡು ಕಾಯುತ್ತವೆ. ಇಳಿದ ಟೈರಿನ ಮೇಲೆ ಒಂದೆರಡು ಕಿ.ಮೀ. ಎಳೆದುಕೊಂಡು ಹೋದರೆ ಸಣ್ಣ ಮೊಳೆಯಿಂದ ಆದ ನಷ್ಟ ಇಡೀ ಟೈರಿನ ನಷ್ಟವಾಗುವುದು ಇದರಿಂದಲೇ.

ನಟ್ಟುಗಳನ್ನು ಜಾಕ್ ಏರಿಸುವ ಮೊದಲೇ ಸ್ವಲ್ಪ ಸಡಿಲಿಸಬೇಕು. ಚಕ್ರ ನೆಲದ ಮೇಲಿದ್ದಾಗ ಘರ್ಷಣೆ ಅದನ್ನು ಹಿಡಿದಿಡುತ್ತದೆ. ಮೇಲೆತ್ತಿದ ಮೇಲೆ ಬಲ ಹಾಕಿದರೆ ಚಕ್ರ ತಿರುಗುವುದು ಹಾಗಿರಲಿ, ಕಾರೇ ಜಾಕಿನಿಂದ ಜಾರಬಹುದು. ನಟ್ಟು ಸಡಿಲಿಸಲು 100 ನ್ಯೂಟನ್-ಮೀಟರಿನಷ್ಟು ತಿರುಚುಬಲ ಬೇಕೆಂದುಕೊಳ್ಳಿ. 25 ಸೆಂ.ಮೀ. ಉದ್ದದ ಸ್ಪ್ಯಾನರಿಗೆ 400 ನ್ಯೂಟನ್, ಅಂದರೆ ಸುಮಾರು 40 ಕಿ.ಗ್ರಾಂ. ತೂಕದಷ್ಟು ಬಲ ಹಾಕಬೇಕು. ಹಿಡಿಗೆ ಕೊಳಾಯಿ ತುಂಡು ತೂರಿಸಿ ಉದ್ದವನ್ನು ಇಮ್ಮಡಿ ಮಾಡಿದರೆ ಅರ್ಧ ಸಾಕು. ತರಗತಿಯಲ್ಲಿ ಸನ್ನೆಯ ಪಾಠಕ್ಕೆ ಶಿಕ್ಷಕರು ಈ ಲೆಕ್ಕವನ್ನೇ ಕೊಡಬಹುದು.

ಮಳೆಗಾಲದಲ್ಲಿ ರಸ್ತೆಯಂಚಿನ ಮಣ್ಣು ಮೆತ್ತಗಿರುತ್ತದೆ. ಜಾಕಿನ ಪಾದ ಕಿರಿದು, ಹಾಗಾಗಿ ನೆಲದ ಮೇಲಿನ ಒತ್ತಡ ಹೆಚ್ಚು, ಅದು ಹೂತುಹೋಗುತ್ತದೆ. ಅಡಿಗೆ ದಪ್ಪ ಹಲಗೆಯಿಟ್ಟರೆ ಭಾರ ಹರಡಿಕೊಳ್ಳುತ್ತದೆ. ಎದುರು ಮೂಲೆಯ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡುವುದು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಹೇಳಬೇಕಾದದ್ದು ಬೇರೆ: ಹೊರಡುವಾಗ ಆ ಕಲ್ಲುಗಳನ್ನು ರಸ್ತೆಯಲ್ಲೇ ಬಿಟ್ಟುಹೋಗುವವರು ಬಹಳ. ರಾತ್ರಿ ಬರುವ ಬೈಕ್ ಸವಾರನಿಗೆ ಅದು ಪ್ರಾಣಕ್ಕೇ ಎರವಾಗಬಹುದು. ಜಾಕ್ ಮೇಲಿರುವ ಕಾರಿನ ಅಡಿಗೆ ಕೈಕಾಲು ಚಾಚಬಾರದು, ಪ್ರತಿಫಲಕ ತ್ರಿಕೋನವನ್ನು ಹಿಂದೆ ಸಾಕಷ್ಟು ದೂರದಲ್ಲಿ ಇಡಬೇಕು.

ಟ್ಯೂಬು ಹೋಯಿತು, ಈಗ ಸ್ಟೆಪ್ನಿಯೂ?

1937ರಲ್ಲಿ ಅಮೆರಿಕದಲ್ಲಿ ಬ್ಯುಟೈಲ್ ಎಂಬ ಕೃತಕ ರಬ್ಬರು ಸಿದ್ಧವಾಯಿತು. ಸಹಜ ರಬ್ಬರಿಗೆ ಹೋಲಿಸಿದರೆ ಇದರ ಮೂಲಕ ಗಾಳಿ ಸೋರುವುದು ಬಹಳ ಕಡಿಮೆ. ಟೈರಿನ ಒಳಮೈಗೇ ಇಂಥ ಪದರ ಕೊಟ್ಟು, ಅಂಚನ್ನು ಚಕ್ರಕ್ಕೆ ಬಿಗಿಯಾಗಿ ಕೂರಿಸಿದರೆ ಟ್ಯೂಬೇ ಬೇಡ. 1955ರ ಹೊತ್ತಿಗೆ ಅಮೆರಿಕದ ಹೊಸ ಕಾರುಗಳಲ್ಲಿ ಟ್ಯೂಬ್‌ರಹಿತ ಟೈರು ಸಾಮಾನ್ಯವಾಯಿತು. ನಮ್ಮ ಕಾರುಗಳಿಗೆ ಅದು ವ್ಯಾಪಕವಾಗಿ ಬಂದದ್ದು ಅರ್ಧ ಶತಮಾನದ ನಂತರ. ಟ್ಯೂಬಿಗೆ ಮೊಳೆ ಚುಚ್ಚಿದರೆ ಗಾಳಿ ಒಮ್ಮೆಲೇ ಹೋಗಬಹುದು. ಟ್ಯೂಬ್‌ರಹಿತ ಟೈರಿನಲ್ಲಿ ಮೊಳೆಯೇ ಬಿರಡೆಯಾಗುತ್ತದೆ, ಗಾಳಿ ನಿಧಾನವಾಗಿ ಇಳಿಯುತ್ತದೆ. ದಾರಿಯಲ್ಲಿ ಮೊಳೆ ಕಂಡೊಡನೆ ಕೀಳಬೇಡಿ ಎಂದು ಮೆಕ್ಯಾನಿಕ್ಕುಗಳು ಹೇಳುವುದು ಇದಕ್ಕಾಗಿ.

ಎತ್ತಿನ ಗಾಡಿಯ ಕಥೆ ಮಾತ್ರ ಬೇರೆಯಾಗಿಯೇ ಉಳಿಯಿತು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ನಿರ್ದೇಶಕರಾಗಿದ್ದ ಪ್ರೊ. ಎನ್.ಎಸ್. ರಾಮಸ್ವಾಮಿ 1970ರ ದಶಕದಿಂದ ಗಾಡಿಯ ಸುಧಾರಣೆಗಾಗಿ ದುಡಿದರು. ರಬ್ಬರ್ ಗಾಲಿ ಎತ್ತಿನ ಶ್ರಮವನ್ನು ಇಳಿಸುತ್ತದೆ, ರಸ್ತೆಯನ್ನೂ ಕೆಡಿಸುವುದಿಲ್ಲ. ಆದರೆ ಜಾಲಿ ಮುಳ್ಳಿನ ಹೊಲದ ದಾರಿಯಲ್ಲಿ ಟೈರು ತೂತಾದರೆ ಅಂಗಡಿ ಎಲ್ಲಿ? ಕಬ್ಬಿಣದ ಪಟ್ಟಿಯನ್ನು ಬಿಡದ ರೈತನನ್ನು ಹಿಂದುಳಿದವನೆನ್ನುವ ಮೊದಲು ಎದುವಾರ್ ಮಿಶೆಲಿನ್ ಕೇಳಿಕೊಂಡದ್ದೂ ಇದೇ ಪ್ರಶ್ನೆ ಎಂಬುದನ್ನು ನೆನೆಯಬಹುದು.

ಆ ಪ್ರಶ್ನೆ ಈಗ ಕಾರಿನವರ ಎದುರಿಗೂ ಮತ್ತೆ ಬಂದು ನಿಂತಿದೆ. 2020ರ ಜುಲೈಯಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳನ್ನು ತಿದ್ದಿತು. ಟ್ಯೂಬ್‌ರಹಿತ ಟೈರು, ಅದರ ಒತ್ತಡವನ್ನು ಸದಾ ಅಳೆದು ಎಚ್ಚರಿಸುವ ಸಾಧನ ಮತ್ತು ರಿಪೇರಿ ಕಿಟ್ ಮೂರೂ ಇದ್ದರೆ 3.5 ಟನ್ ಮೀರದ ಪ್ರಯಾಣಿಕ ಕಾರಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂಬುದು ಅದರ ಸಾರ. ತೂಕ ಉಳಿಯುತ್ತದೆ, ವಿದ್ಯುತ್ ಕಾರಿನಲ್ಲಿ ಬ್ಯಾಟರಿಗೆ ಜಾಗ ಸಿಗುತ್ತದೆ. ಕಿಟ್ಟಿನಲ್ಲಿರುವುದು ಒಂದು ಪುಟ್ಟ ಗಾಳಿ ಪಂಪು, ಒಂದು ಬಾಟಲಿ ಅಂಟುದ್ರವ. ನೆಲ ಮುಟ್ಟುವ ಭಾಗದಲ್ಲಿ ಸುಮಾರು 6 ಮಿ.ಮೀ.ವರೆಗಿನ ತೂತನ್ನು ಅದು ಮುಚ್ಚೀತು. ಗುಂಡಿಯ ಚೂಪು ಕಲ್ಲಿಗೆ ಟೈರಿನ ಪಕ್ಕ ಸೀಳಿದರೆ ಅದರಿಂದ ಏನೂ ಆಗದು. ಕಾರನ್ನು ಮತ್ತೊಂದು ವಾಹನದ ಮೇಲೆ ಹೇರಿಯೇ ಸಾಗಿಸಬೇಕು. ಆದ್ದರಿಂದ ನೀವು ಪಯಣಿಸುವ ಹೊಸ ಕಾರಿನ ಡಿಕ್ಕಿಯ ತಳದ ಹಲಗೆಯನ್ನು ಒಮ್ಮೆ ಎತ್ತಿ ನೋಡಿ. ಅಲ್ಲಿ ಪೂರ್ಣ ಗಾತ್ರದ ಚಕ್ರವಿದೆಯೋ, ಮೈಮೇಲೆ 80 ಕಿ.ಮೀ. ವೇಗಮಿತಿ ಬರೆದುಕೊಂಡ ಸಣಕಲು ಚಕ್ರವಿದೆಯೋ ಅಥವಾ ಬರಿಯ ಒಂದು ಬಾಟಲಿಯಿದೆಯೋ ಎಂಬುದು ಹೊರಡುವ ಮೊದಲೇ ನಿಮಗೆ ಗೊತ್ತಿರಲಿ.